ನಿಧಾನ ಬಾರಿಸಬೇಕಿದ್ದ ಡೋಲು

ದೇಜಪ್ಪನ ಬೆರಳುಗಳು ಒಂದು ಗಳಿಗೆ ಸುಮ್ಮನಿದ್ದದ್ದನ್ನು ದೋಹಾದ ಅಲ್ ಮನ್ಸೂರಾದಲ್ಲಿ ಯಾರೂ ನೋಡಿರಲಿಲ್ಲ. ಹೋಟೆಲಿನ ಮೇಜು, ನೀರಿನ ಟ್ಯಾಂಕರಿನ ಸ್ಟೇರಿಂಗು, ರೂಮಿನ ಅಕ್ಕಿ ಡಬ್ಬ, ಕೆಲವೊಮ್ಮೆ ಪಕ್ಕದಲ್ಲಿ ಕೂತವನ ಬೆನ್ನು, ಕೈಗೆ ಸಿಕ್ಕಿದ್ದೆಲ್ಲ ಅವನಿಗೆ ಡೋಲೇ. ಅವನ ಜೊತೆ ರೂಮಿನಲ್ಲಿದ್ದ ಅಲೋಶಿಯಸ್ ಒಂದು ಕಂಪೆನಿಯಲ್ಲಿ ಸ್ಟೋರ್‌ಕೀಪರ್, ಮೂಡಬಿದ್ರೆ ಕಡೆಯವನು. "ಮಾರಾಯ, ಜನರೇಟರ್ ಆದ್ರೂ ಒಮ್ಮೊಮ್ಮೆ ಆಫ್ ಆಗ್ತದೆ, ನಿನ್ನ ಕೈಗೆ ಸ್ವಿಚ್ಚೇ ಇಲ್ವಾ?" ಎಂದು ಅವನು ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದ. ದೇಜಪ್ಪ ನಗುತ್ತಿದ್ದ, ಕೈ ಮಾತ್ರ ನಿಲ್ಲಿಸುತ್ತಿರಲಿಲ್ಲ.

ಅದು ಹುಟ್ಟಿನಿಂದ ಬಂದ ರೋಗ. ಕಾರ್ಕಳದ ಆಚೆಯ ಒಂದು ಊರಿನಲ್ಲಿ ದೈವದ ಕೋಲಕ್ಕೆ ಡೋಲು ಬಾರಿಸುವ ಹಕ್ಕು ಅವನ ಮನೆಯವರದು. ಅಪ್ಪ ಸೀನಪ್ಪ ಶೇರಿಗಾರರು ಡೋಲಿಗೆ ಕೂತರೆ ಊರೇ ಮೈ ನೆಟ್ಟಗೆ ಮಾಡಿ ಕೂರುತ್ತಿತ್ತು. ಮಗನಿಗೆ ಅವರು ಕಲಿಸಿದ್ದರಲ್ಲಿ ಒಂದು ಪಾಠ ಮಾತ್ರ ಏಟಿನ ಜೊತೆಗೆ ಬಂದದ್ದು. ಹುಡುಗನಾಗಿದ್ದಾಗ ಒಂದು ಕೋಲದಲ್ಲಿ, ದೈವ ಕಟ್ಟಿದವನ ಮೈ ನಡುಗಲು ಶುರುವಾದ ಹೊತ್ತಿಗೆ ಸರಿಯಾಗಿ, ದೇಜಪ್ಪ ಕಾಲಿಗೆ ಕಚ್ಚಿದ ಸೊಳ್ಳೆ ಹೊಡೆಯಲು ಕೈ ಬಿಟ್ಟಿದ್ದ. ಕೋಲ ಮುಗಿದ ಮೇಲೆ ಅಪ್ಪ ಕೆನ್ನೆಗೆ ಬಾರಿಸಿದರು. "ನಡುಕ ಬಂದ ಮೇಲೆ ಕೈ ಬಿಡ್ಲಿಕ್ಕಿಲ್ಲ. ನೀನು ಕೈ ಬಿಟ್ರೆ ಅವ ಅರ್ಧದಲ್ಲಿ ನಿಲ್ತಾನೆ. ಅತ್ತ ದೈವವೂ ಅಲ್ಲ, ಇತ್ತ ಮನುಷ್ಯನೂ ಅಲ್ಲ. ಆಗ ಜೋರು ಮಾಡ್ಬೇಕು, ಇನ್ನೂ ಜೋರು." ಆಮೇಲೆ ಅವನು ಆ ತಪ್ಪು ಮತ್ತೆ ಮಾಡಲಿಲ್ಲ.

ಡೋಲಿನಿಂದ ಹೊಟ್ಟೆ ತುಂಬುವುದಿಲ್ಲ ಎಂದು ಬೊಂಬಾಯಿಗೆ ಹೋದ, ಹೋಟೆಲಿನಲ್ಲಿ ಕಪ್ಪು ತೊಳೆದ, ಡ್ರೈವಿಂಗ್ ಕಲಿತ, ಅಲ್ಲಿಂದ ಕತಾರಿಗೆ ಹಾರಿದ. ಊರಿನ ಡೋಲು ತಮ್ಮ ದುಗ್ಗುವಿನ ಹೆಗಲಿಗೆ ಹೋಯಿತು. ಎರಡು ವರ್ಷಕ್ಕೊಮ್ಮೆ ರಜೆ ಸಿಕ್ಕಿದರೆ ಅದೂ ಮಳೆಗಾಲದಲ್ಲಿ. ಕೋಲಗಳ ಕಾಲ ಮುಗಿಸುವ ಪತ್ತನಾಜೆ ಕಳೆದ ಮೇಲೆ ಕೋಲ ಎಲ್ಲಿಯದು? ದೈವಗಳೂ ಒಳಗೆ, ಡೋಲೂ ಅಟ್ಟದಲ್ಲಿ. ಹೆಂಡತಿ ಲೀಲಾಕ್ಷಿ, "ನೀವು ಬಂದ್ರೆ ಚಾಪೆಗೂ ಏಟು," ಎಂದು ಬೈಯುತ್ತಿದ್ದಳು. ಒಂಬತ್ತು ವರ್ಷದಿಂದ ಅವನ ಕೈಗೆ ಚರ್ಮದ ಡೋಲು ಸಿಕ್ಕಿರಲಿಲ್ಲ. ಈ ಕಥೆಯಲ್ಲಿ ಅವನನ್ನು ಬೈಯುವ ಮೊದಲು ಇದೊಂದನ್ನು ನೆನಪಿಡಬೇಕು.

ಆಗ ರಾಸ್ ಲಫ್ಫಾನಿನಲ್ಲಿ ಗ್ಯಾಸಿನ ಕಾರ್ಖಾನೆ ಏಳುತ್ತಿದ್ದ ಕಾಲ. ಮರಳುಗಾಡಿನಲ್ಲಿ ಸಾಲು ಸಾಲು ಕ್ಯಾಂಪುಗಳು. ಒಂದರಲ್ಲಿ ಪೂರಾ ಥಾಯ್ಲೆಂಡಿನ ವೆಲ್ಡರುಗಳು, ಪೈಪ್ ಫಿಟ್ಟರುಗಳು. ದೋಹಾದಿಂದ ಅಲ್ ಖೋರ್ ದಾಟಿ ಆ ಕ್ಯಾಂಪಿಗೆ ದಿನಾ ನೀರು ಒಯ್ಯುವುದು ದೇಜಪ್ಪನ ಡ್ಯೂಟಿ. ನೀರು ಇಳಿಯುವಷ್ಟು ಹೊತ್ತು ಟ್ಯಾಂಕರಿನ ಬೆನ್ನು ಬಡಿಯುತ್ತ ನಿಲ್ಲುತ್ತಿದ್ದವನ ಹತ್ತಿರ ಮೊದಲು ಬಂದು ನಿಂತವನು ಬುನ್‌ಮಿ ಎಂಬ ವೆಲ್ಡರ್. ಕುಳ್ಳು ಆಳು, ಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತು. ಅವನಿಗೆ ಹಿಂದಿ ಬಾರದು, ಇವನಿಗೆ ಥಾಯ್ ಬಾರದು. ಇಬ್ಬರಿಗೂ ಬರುತ್ತಿದ್ದದ್ದು ಕ್ಯಾಂಪಿನ ಅರಬ್ಬಿ, ಅದೂ ಮುರುಕು. "ಸದೀಕ್," ಎಂದರೆ ಗೆಳೆಯ, ಅಷ್ಟರಿಂದ ಶುರುವಾಯಿತು.

ಏಪ್ರಿಲಿನಲ್ಲಿ ನಮಗೆ ಬಿಸು ಬರುವ ಹೊತ್ತಿಗೇ ಅವರಿಗೂ ಹೊಸ ವರ್ಷ. ಅವತ್ತು ಅವರು ಒಬ್ಬರ ಮೇಲೊಬ್ಬರು ನೀರು ಎರಚಬೇಕು. ಕುಡಿಯುವ ನೀರನ್ನೇ ಅಳೆದು ಕೊಡುವ ಕ್ಯಾಂಪಿನಲ್ಲಿ ಎರಚುವುದಕ್ಕೆ ನೀರೆಲ್ಲಿ? ತೊಂಬತ್ನಾಲ್ಕರ ಬಿಸುವಿಗೆ ದೇಜಪ್ಪ ಯಾರಿಗೂ ಹೇಳದೆ ಪೈಪು ಬಿಚ್ಚಿಬಿಟ್ಟ. ಗಡ್ಡ ನರೆತ ಗಂಡಸರೆಲ್ಲ ಮಕ್ಕಳ ಹಾಗೆ ಕೆಸರಿನಲ್ಲಿ ಉರುಳಾಡಿದರು. ಮಾರನೆಯ ದಿನದಿಂದ ಆ ಕ್ಯಾಂಪಿನಲ್ಲಿ ಅವನಿಗೆ ಊಟ ಹಾಕದೆ ಕಳಿಸುತ್ತಿರಲಿಲ್ಲ.

ತೊಂಬತ್ತೈದರಲ್ಲಿ ಬಿಸು ಶುಕ್ರವಾರ ಬಿತ್ತು, ಎಲ್ಲರಿಗೂ ರಜೆ. ಅವತ್ತು ಸಂಜೆ ಕ್ಯಾಂಪಿನ ಅಂಗಳದಲ್ಲಿ ಅವರ ಊರಿನ ಕ್ರಮದಲ್ಲೇ ಬಾಕ್ಸಿಂಗ್ ಎಂದು ತೀರ್ಮಾನವಾಯಿತು. ಕೈ, ಕಾಲು, ಮೊಣಕೈ, ಮೊಣಕಾಲು ಎಲ್ಲ ಬಳಸಿ ಹೊಡೆದಾಡುವ ಬಾಕ್ಸಿಂಗ್ ಅದು. ಅದಕ್ಕೆ ವಾದ್ಯ ಬೇಕೇಬೇಕು, ವಾದ್ಯವಿಲ್ಲದೆ ಅವರು ಕೈ ಎತ್ತುವುದಿಲ್ಲ. ಕ್ಯಾಂಪಿನ ಹಿರಿಯ, ಎಲ್ಲರೂ ಲುಂಗ್ ಎಂದು ಕರೆಯುತ್ತಿದ್ದ ಮುದುಕ, ಒಂದು ಊದುವ ವಾದ್ಯ ತಂದಿದ್ದ. ಲುಂಗ್ ಎಂದರೆ ದೊಡ್ಡಪ್ಪ. ಎರಡು ಉದ್ದನೆಯ ಡೋಲುಗಳೂ ಒಂದು ಜೊತೆ ತಾಳವೂ ಇದ್ದವು, ಆದರೆ ಮೊದಲ ಡೋಲಿನವನನ್ನು ಕಂಪೆನಿ ದೂರದ ದುಖಾನಿನ ಸೈಟಿಗೆ ಹಾಕಿತ್ತು. ಲುಂಗ್ ಡೋಲನ್ನು ಎತ್ತಿ ತಂದು ದೇಜಪ್ಪನ ಮುಂದಿಟ್ಟ. ತಮ್ಮ ಭಾಷೆಯಲ್ಲಿ ಇದನ್ನು ಕರೆಯುವುದೇ ಹೊರಗಿನಿಂದ ಬಂದವರ ಡೋಲು ಎಂದು, ನಿಮ್ಮ ಕಡೆಯವರದೇ ಇರಬೇಕು, ನೀನೇ ಬಾರಿಸು ಎಂದು ಮುರುಕು ಅರಬ್ಬಿಯಲ್ಲೂ ಕೈಸನ್ನೆಯಲ್ಲೂ ತಿಳಿಸಿದ. ಚರ್ಮದ ಮೇಲೆ ಅಂಗೈ ಇಟ್ಟಾಗ ದೇಜಪ್ಪನ ಕಣ್ಣು ತುಂಬಿತು. ಎರಡು ವಾರ ದಿನಾ ನೀರು ಇಳಿಯುವ ಹೊತ್ತಿನಲ್ಲಿ ಅವನು ಅವರ ನಡೆ ಕಲಿತ. ಮೊದಲು ನಿಧಾನ, ಸುತ್ತು ಏರಿದ ಹಾಗೆ ಜೋರು. ಇದು ಅವನಿಗೆ ಗೊತ್ತಿಲ್ಲದ ವಿದ್ಯೆಯೇನೂ ಆಗಿರಲಿಲ್ಲ.

ಬಿಸುವಿಗೆ ನಾಲ್ಕು ದಿನ ಇರುವಾಗ ಬುನ್‌ಮಿ ಟ್ಯಾಂಕರಿನ ನೆರಳಿಗೆ ಬಂದು ಕೂತ. ಅಂಗಳದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ತಲೆ ಮುಟ್ಟಿ ತೋರಿಸಿದ.

"ಸದೀಕ್, ಹಾದಾ ರಾಸ್ ಮಾಫಿ ಜೈನ್."

ಈ ತಲೆ ಸರಿಯಿಲ್ಲ ಎಂದು. ಚಳಿಗಾಲದಲ್ಲಿ ಅವನು ಸ್ಕ್ಯಾಫೋಲ್ಡಿಂಗಿನಿಂದ ಬಿದ್ದದ್ದು ದೇಜಪ್ಪನಿಗೆ ಗೊತ್ತಿತ್ತು. ಹೆಲ್ಮೆಟ್ ಒಡೆದಿತ್ತು, ಎರಡು ದಿನ ರೆಸ್ಟ್ ಕೊಟ್ಟು ಮತ್ತೆ ಕೆಲಸಕ್ಕೆ ಹತ್ತಿಸಿದ್ದರು. ಅಂದಿನಿಂದ ಕಿವಿಯಲ್ಲಿ ಒಂದೇ ಸಮನೆ ಸದ್ದು, ಒಮ್ಮೊಮ್ಮೆ ಒಬ್ಬ ಮನುಷ್ಯ ಇಬ್ಬರಾಗಿ ಕಾಣುತ್ತಾನೆ, ಎಣಿಕೆ ತಪ್ಪುತ್ತದೆ. ಇದನ್ನೆಲ್ಲ ಅವನು ಬೆರಳಿನಲ್ಲೂ ನಾಲ್ಕು ಅರಬ್ಬಿ ಮಾತಿನಲ್ಲೂ ಹೇಳಿದ. ಬಾಕ್ಸಿಂಗಿಗೆ ಒಪ್ಪಿದ್ದು ಬೀಳುವ ಮೊದಲು. ಈಗ ಪಕ್ಕದ ಕ್ಯಾಂಪಿನಿಂದ ಗಟ್ಟಿಮುಟ್ಟಾದ ಜವ್ವನಿಗನೊಬ್ಬ ಬರುತ್ತಾನೆ, ಲುಂಗ್ ಎಲ್ಲರಿಗೂ ಸಾರಿಬಿಟ್ಟಿದ್ದಾನೆ, ಆಗುವುದಿಲ್ಲ ಎಂದರೆ ಮುದುಕನ ಮರ್ಯಾದೆ ಹೋಗುತ್ತದೆ. ತಿಂಗಳ ಕೊನೆಗೆ ಬುನ್‌ಮಿ ಊರಿಗೆ ಹೊರಟವನು. ಹಾಗಾಗಿ ಅವನೊಂದು ದಾರಿ ಹುಡುಕಿದ್ದ. ಮೂರನೆಯ ಸುತ್ತಿನವರೆಗೆ ನಿಲ್ಲುವುದು, ಆಮೇಲೆ ಮಲಗುವುದು. ಮೂರು ಸುತ್ತು ನಿಂತವನನ್ನು ಯಾರೂ ಹೇಡಿ ಎನ್ನುವುದಿಲ್ಲ.

ಆದರೆ ಏಟಿನ ನಡುವೆ ಸುತ್ತು ಯಾವುದೆಂದು ಅವನ ತಲೆಗೆ ತಿಳಿಯುವುದಿಲ್ಲ. ಗಂಟೆ ಕೇಳಿಸುವುದಿಲ್ಲ, ಕೂಗು ಕೇಳಿಸುವುದಿಲ್ಲ. ಡೋಲು ಮಾತ್ರ ಕೇಳಿಸುತ್ತದೆ, ಇಲ್ಲಿ, ಎಂದು ಎದೆಗೆ ಗುದ್ದಿಕೊಂಡ. "ನಂಬರ್ ತ್ರೀ, ಇಂತ ಶ್ವಯ್ ಶ್ವಯ್. ಅನಾ ನೋಮ್. ಖಲಾಸ್." ಮೂರನೆಯದರಲ್ಲಿ ನೀನು ನಿಧಾನ ಮಾಡು, ನಾನು ಮಲಗುತ್ತೇನೆ, ಮುಗಿಯಿತು. ಹೇಳಿ, ಮರಳಿನ ಮೇಲೆ ಬಲಗೈ ತಲೆಯಡಿಗೆ ಇಟ್ಟು ಮಗ್ಗುಲಾಗಿ ಮಲಗಿ, ಕಣ್ಣು ಮುಚ್ಚಿ ಗೊರಕೆ ಹೊಡೆದು ತೋರಿಸಿದ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಲುಂಗ್‌ಗೆ ಹೇಳಬಾರದು ಎಂದು ಬುನ್‌ಮಿ ಮಾತು ತೆಗೆದುಕೊಂಡ. ದೇಜಪ್ಪ ಅವನ ಕೈ ಹಿಡಿದು ಊರಿನ ದೈವದ ಆಣೆ ಹಾಕಿದ. ಆ ಆಣೆ ಬುನ್‌ಮಿಗೆ ಅರ್ಥವಾಗಿರಲಾರದು, ಆದರೂ ಅವನು ತೃಪ್ತಿಯಿಂದ ಎದ್ದು ಹೋದ.

ರಾತ್ರಿ ಊಟದ ಹೊತ್ತಿಗೆ ಅಲೋಶಿಯಸ್‌ಗೆ ಹೇಳಿದಾಗ ಅವನು ತುತ್ತು ಕೆಳಗಿಟ್ಟ.

"ಆ ಮುದುಕನಿಗೆ ಹೇಳಿಬಿಡು ದೇಜಪ್ಪ. ತಲೆಯ ವಿಷಯ, ತಮಾಷೆ ಅಲ್ಲ."

"ಆಣೆ ಹಾಕಿದ್ದೇನಲ್ಲ."

"ಎಂತ ಆಣೆ ಮಾರಾಯ! ನೀನು ಕೈ ತಪ್ಪಿದ್ರೆ?"

"ಡೋಲಲ್ಲಿ ನಾನು ಕೈ ತಪ್ಪುದಾ? ನಿನ್ನ ಸ್ಟೋರಿನ ಸ್ಟಾಕ್ ಅಲ್ಲ ಅದು," ಎಂದು ದೇಜಪ್ಪ ಹಾರಿಸಿಬಿಟ್ಟ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಅವನ ಕೈ ತಪ್ಪುವುದಿಲ್ಲ ಎಂದು ಅವನು ಮನಸಾರೆ ನಂಬಿದ್ದ.

ಬಿಸುವಿನ ದಿನ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ, ಬೋರಲಿಟ್ಟ ಬಕೆಟ್ಟಿನ ಮೇಲೆ ಬಿಸು ಕಣಿಗೆ ಜೋಡಿಸಿದ ಹಣ್ಣು ಕನ್ನಡಿಗಳಿಗೆ ಕೈಮುಗಿದು, ಮಧ್ಯಾಹ್ನ ತುಂಬಿದ ಟ್ಯಾಂಕರ್ ಓಡಿಸಿಕೊಂಡು ಉತ್ತರಕ್ಕೆ ಹೊರಟ. ಕ್ಯಾಂಪಿನಲ್ಲಿ ಆಗಲೇ ಮುಖಕ್ಕೆಲ್ಲ ಪೌಡರಿನ ಕೆಸರು ಬಳಿದುಕೊಂಡ ಗಂಡಸರು ನೀರಿಗೆ ಕಾಯುತ್ತಿದ್ದರು. ನೀರಾಟ ಮುಗಿದು ಹೊತ್ತು ಮುಳುಗುವಾಗ ಲೈಟು ಹತ್ತಿತು. ಸ್ಕ್ಯಾಫೋಲ್ಡಿಂಗ್ ಪೈಪುಗಳನ್ನು ನಾಲ್ಕು ಮೂಲೆಗೆ ನಿಲ್ಲಿಸಿ ಹಗ್ಗ ಬಿಗಿದಿದ್ದರು. ಕೆಳಗೆ ಪ್ಲೈವುಡ್, ಅದರ ಮೇಲೆ ತಾರ್ಪಾಲು. ಸುತ್ತ ಥಾಯ್‌ಗಳು, ಅವರ ಹಿಂದೆ ಫಿಲಿಪೀನಿನವರು, ನೇಪಾಳಿಗಳು, ನೋಡಲು ಬಂದ ಮಲಯಾಳಿ ಕುಕ್ಕುಗಳು. ದೇಜಪ್ಪ ಅಷ್ಟು ಜನರ ಎದುರು ಡೋಲು ಹಿಡಿದು ಕೂತು ವರ್ಷಗಳಾಗಿದ್ದವು. ಎದೆ ಹೊಡೆದುಕೊಳ್ಳುತ್ತಿತ್ತು, ಖುಷಿಗೆ.

ಬುನ್‌ಮಿ ಹಗ್ಗ ದಾಟಿ ಒಳಗೆ ಬಂದ. ತಲೆಗೆ ಹೊಸೆದು ಮಾಡಿದ ದಪ್ಪ ಪಟ್ಟಿ, ತೋಳಿಗೆ ಬಟ್ಟೆಯ ಕಟ್ಟು. ಹೊಡೆದಾಟಕ್ಕೆ ಮೊದಲು ಅವರು ಗುರುವಿಗೆ ನಮಸ್ಕರಿಸಿ ಕುಣಿಯಬೇಕು. ಲುಂಗ್‌ನ ವಾದ್ಯ ನಮ್ಮ ಓಲಗದ ಹಾಗೇ ಮೂಗಿನಲ್ಲಿ ಅಳತೊಡಗಿತು. ದೇಜಪ್ಪ ನಿಧಾನಕ್ಕೆ ಬಾರಿಸಿದ. ಬುನ್‌ಮಿ ಹಗ್ಗದ ಮೇಲೆ ಕೈಯಿಟ್ಟು ಕಣ ಸುತ್ತಿದ, ಮಂಡಿಯೂರಿ ಮೂರು ಸಲ ನೆಲಕ್ಕೆ ಹಣೆ ಮುಟ್ಟಿಸಿದ, ಆಮೇಲೆ ಎದ್ದು ಒಂದೊಂದೇ ಹೆಜ್ಜೆ ಇಟ್ಟ. ಕೋಲದಲ್ಲಿ ಕಾಲಿಗೆ ಗಗ್ಗರ ಕಟ್ಟುವ ಮೊದಲು ಅಪ್ಪಣೆ ಕೇಳುವವನ ಹೆಜ್ಜೆ ಅದು ಎಂದು ದೇಜಪ್ಪನಿಗೆ ಅನ್ನಿಸಿತು. ಮೈ ಜುಮ್ಮೆಂದಿತು. ತಾನು ರಾಸ್ ಲಫ್ಫಾನಿನಲ್ಲಿದ್ದೇನೆ ಎಂಬುದು ಆಗಲೇ ಸ್ವಲ್ಪ ಮರೆತುಹೋಗಿತ್ತು. ಲುಂಗ್ ವಾದ್ಯ ಕೆಳಗಿಟ್ಟು ಬಂದು, ಮಂತ್ರ ಹೇಳಿ ಅವನ ತಲೆಯ ಪಟ್ಟಿ ತೆಗೆದ.

ಮೊದಲ ಸುತ್ತಿನಲ್ಲಿ ಬುನ್‌ಮಿಯೂ ಪಕ್ಕದ ಕ್ಯಾಂಪಿನ ಜವ್ವನಿಗನೂ ಒಬ್ಬರನ್ನೊಬ್ಬರು ಅಳೆದರು. ಎರಡನೆಯದರಲ್ಲಿ ಎದುರಾಳಿಯ ಕಾಲು ಬುನ್‌ಮಿಯ ಕಿವಿಯ ಮೇಲೆ ಅಪ್ಪಳಿಸಿತು. ಸದ್ದು ಡೋಲಿನವರೆಗೆ ಕೇಳಿಸಿತು. ಬುನ್‌ಮಿ ಹಗ್ಗ ಹಿಡಿದು ನಿಂತ. ಮೂರನೆಯ ಸುತ್ತು ಶುರುವಾದಾಗ ದೇಜಪ್ಪನಿಗೆ ನೆನಪಿತ್ತು. ಈಗ, ಸ್ವಲ್ಪ ಹೊತ್ತು ನಡೆಯಲಿ, ಆಮೇಲೆ ಇಳಿಸುತ್ತೇನೆ ಎಂದುಕೊಂಡೇ ಬಾರಿಸುತ್ತಿದ್ದ. ಅಷ್ಟರಲ್ಲಿ ಒಂದು ಮೊಣಕೈ ಹುಬ್ಬಿಗೆ ತಾಗಿತು. ಹಳೆಯ ಹೊಲಿಗೆ ಬಿಚ್ಚಿಕೊಂಡಿತು. ಬುನ್‌ಮಿ ಹಿಂದಕ್ಕೆ ಸರಿದು ಮುಖ ತಿರುಗಿಸಿ ನೇರವಾಗಿ ಡೋಲಿನ ಕಡೆ ನೋಡಿದ.

ನೋಡಿದ್ದು ದೇಜಪ್ಪನಿಗೂ ಕಂಡಿತು. ಆದರೆ ಕಂಡದ್ದು ಅದೊಂದೇ ಅಲ್ಲ. ಬುನ್‌ಮಿಯ ಮಂಡಿ ನಡುಗುತ್ತಿತ್ತು. ತುಟಿ ಅದುರುತ್ತಿತ್ತು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಬಿಳಿ ಮಾತ್ರ ಉಳಿದಿತ್ತು, ಕತ್ತು ಒಂದು ಬದಿಗೆ ಎಳೆಯುತ್ತಿತ್ತು. ಹುಟ್ಟಿದಾಗಿನಿಂದ ದೇಜಪ್ಪ ಆ ನಡುಕ ನೋಡಿದ್ದಾನೆ. ದರ್ಶನ ಬಂತು, ದೈವ ಮೈಗೆ ಬಂತು ಎಂದು ಅವನ ಒಳಗಿನಿಂದ ಯಾರೋ ಕೂಗಿದರು. ನಡುಕ ಬಂದ ಮೇಲೆ ಕೈ ಬಿಡಬಾರದು, ಕೈ ಬಿಟ್ಟರೆ ಅರ್ಧದಲ್ಲಿ ನಿಲ್ಲುತ್ತಾನೆ. ಅವನು ಯೋಚಿಸಲಿಲ್ಲ. ಯೋಚಿಸುವ ಕೆಲಸ ಕೈಯೇ ಮಾಡಿತು. ನಡೆ ಇಮ್ಮಡಿಯಾಯಿತು. ಎರಡನೆಯ ಡೋಲು ಅದರ ಹಿಂದೆ ಓಡಿತು, ತಾಳದವನು ಓಡಿದ, ಲುಂಗ್‌ನ ಕೆನ್ನೆ ಉಬ್ಬಿತು. ಕ್ಯಾಂಪು ಎದ್ದು ನಿಂತು ಒಂದೊಂದು ಏಟಿಗೂ "ಓಯ್! ಓಯ್!" ಎಂದು ಅಬ್ಬರಿಸಿತು.

ಕೇಳಿದ್ದಕ್ಕೆ ಇನ್ನೂ ಇಲ್ಲ ಎಂಬ ಉತ್ತರ ಸಿಕ್ಕಿದವನಂತೆ ಬುನ್‌ಮಿ ತಲೆ ತಗ್ಗಿಸಿದ. ಮತ್ತೆ ಕೈ ಎತ್ತಿ ಎದುರಾಳಿಯ ಕಡೆ ನಡೆದ.

ಸುತ್ತು ಮುಗಿದು ಡೋಲು ನಿಂತಾಗ ದೇಜಪ್ಪನಿಗೆ ಬೆವರು ತಣ್ಣಗಾಯಿತು. ಎಂಥ ಕೆಲಸ ಮಾಡಿದೆ! ನಾಲ್ಕನೆಯದರಲ್ಲಿ ಇಳಿಸುತ್ತೇನೆ, ಖಂಡಿತ ಇಳಿಸುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ನಾಲ್ಕನೆಯದರಲ್ಲಿ ಬುನ್‌ಮಿ ಗೆಲ್ಲತೊಡಗಿದ್ದ. ಎದುರಾಳಿಯನ್ನು ಮೂಲೆಗೆ ಒತ್ತಿ ಮೊಣಕಾಲಿನಿಂದ ತಿವಿಯುತ್ತಿದ್ದ. ಜನ ಹುಚ್ಚೆದ್ದಿದ್ದರು, ಕೆಲವರು ದೇಜಪ್ಪನ ಹೆಗಲು ತಟ್ಟಿ "ಸದೀಕ್! ಸದೀಕ್!" ಎನ್ನುತ್ತಿದ್ದರು. ಗೆಲ್ಲುವವನನ್ನು ಹೇಗೆ ಮಲಗಿಸುವುದು? ಇದನ್ನು ಅವನು ಆಮೇಲೆ ಅಲೋಶಿಯಸ್‌ನ ಹತ್ತಿರ ನೂರು ಸಲ ಕೇಳಿದ. ಆದರೆ ನಿಜ ಹೇಳಬೇಕೆಂದರೆ ಇನ್ನೊಂದೂ ಇತ್ತು. ಆ ಜನ ಕುಣಿಯುತ್ತಿದ್ದದ್ದು ಅವನ ಕೈಗೆ. ಬಿಡಲು ಮನಸ್ಸಾಗಲಿಲ್ಲ. ಕೊನೆಯದಾದ ಐದನೆಯ ಸುತ್ತಿನಲ್ಲೂ ಅವನು ಜೋರಾಗಿಯೇ ಬಾರಿಸಿದ.

ಗಂಟೆ ಹೊಡೆಯಿತು. ಬುನ್‌ಮಿ ಗೆದ್ದ. ರೆಫರಿ ಅವನ ಕೈ ಎತ್ತಿ ಹಿಡಿದ. ಎತ್ತಿದ ಕೈ ರೆಫರಿಯ ಕೈಯಲ್ಲಿರುವಾಗಲೇ ಅವನು ಕೆಳಗೆ ಜಾರಿದ. ಬಲಗೈಯನ್ನು ತಲೆಯಡಿ ಇಟ್ಟುಕೊಳ್ಳಲು ಅವನಿಗೆ ಆಗಲಿಲ್ಲ, ಮುಖ ಅಡಿಯಾಗಿ ಬಿದ್ದ.

ದೋಹಾದ ಆಸ್ಪತ್ರೆಯಲ್ಲಿ ತಲೆ ತೆರೆದು ರಕ್ತ ತೆಗೆದರು. ಬಾತ್‌ರೂಮಿನಲ್ಲಿ ಜಾರಿ ಬಿದ್ದ ಎಂದು ಕ್ಯಾಂಪಿನವರು ಬರೆಸಿದರು, ಬಾಕ್ಸಿಂಗಿನ ಸುದ್ದಿ ಹೊರಬಿದ್ದರೆ ಎಲ್ಲರೂ ಗಂಟುಮೂಟೆ ಕಟ್ಟಬೇಕಿತ್ತು. ಜೀವ ಉಳಿಯಿತು. ಮಾತು ಹೋಯಿತು, ಎಡಭಾಗ ಸೋತಿತು, ಯಾರ ಗುರುತೂ ಹತ್ತುತ್ತಿರಲಿಲ್ಲ. ದೇಜಪ್ಪ ಒಂದು ಸಲ ಹೋದ. ಬೋಳಿಸಿದ ತಲೆ ಅವನ ಕಡೆ ತಿರುಗಿತು, ನೋಡಿತು, ಮತ್ತೆ ಗೋಡೆಯ ಕಡೆ ತಿರುಗಿತು. ಅವನು ಸೇಬಿನ ಪೊಟ್ಟಣ ಮಂಚದ ಪಕ್ಕದಲ್ಲಿಟ್ಟು ಓಡಿಬಂದ.

ಕ್ಯಾಂಪಿನಲ್ಲಿ ಮಾತ್ರ ಅವನಿಗೆ ಭಾರಿ ಮರ್ಯಾದೆ. ಬುನ್‌ಮಿ ಹಾಗೆ ಹೊಡೆದಾಡಿದ್ದನ್ನು ತಾವು ನೋಡಿಯೇ ಇಲ್ಲ, ಎಲ್ಲ ನಿನ್ನ ಡೋಲಿನ ಶಕ್ತಿ ಎಂದು ಅವರು ಊಟಕ್ಕೆ ಕೂರಿಸಿ ಮೀನಿನ ದೊಡ್ಡ ತುಂಡು ಬಡಿಸುತ್ತಿದ್ದರು. ಅವನು ಅದನ್ನು ತಟ್ಟೆಯ ಬದಿಗೆ ಸರಿಸಿ ಏಳುತ್ತಿದ್ದ. ಅಲೋಶಿಯಸ್ ಬಿಟ್ಟರೆ ನಿಜ ಗೊತ್ತಿದ್ದವರು ಇಬ್ಬರು, ಅವರಲ್ಲಿ ಒಬ್ಬನಿಗೆ ಮಾತಿಲ್ಲ. ಇನ್ನೊಬ್ಬ ಬಾಯಿ ಬಿಡಲಿಲ್ಲ. ಅವನ ಬೆರಳುಗಳು ಈಗ ಮೇಜಿನ ಮೇಲೆ ಸತ್ತಂತೆ ಬಿದ್ದಿರುತ್ತಿದ್ದವು.

"ಈಗ ನಂಗೆ ರೂಮಲ್ಲಿ ನಿದ್ರೆಯೇ ಬರುದಿಲ್ಲ ಮಾರಾಯ," ಎಂದ ಅಲೋಶಿಯಸ್ ಒಂದು ದಿನ. "ಆ ಡಬ್ಬಕ್ಕಾದ್ರೂ ಎರಡು ಬಡಿ."

ದೇಜಪ್ಪ ಗೋಡೆಯ ಕಡೆ ತಿರುಗಿ ಮಲಗಿದ.

ಜೂನಿನಲ್ಲಿ ಬುನ್‌ಮಿಯನ್ನು ಊರಿಗೆ ಕಳಿಸುವುದೆಂದಾಯಿತು. ಹೊರಡುವ ಸಂಜೆ ಕ್ಯಾಂಪಿಗೆ ತಂದು ಅಂಗಳದಲ್ಲಿ ಗಾಲಿಕುರ್ಚಿಯ ಮೇಲೆ ಕೂರಿಸಿದರು. ದೂರ ಹೋಗುವವರ ಕೈಗೆ ಬಿಳಿ ನೂಲು ಕಟ್ಟಿ ಹರಸುವುದು ಅವರ ಕ್ರಮ. ಒಬ್ಬೊಬ್ಬರೇ ಬಂದು ಬುನ್‌ಮಿಗೆ ಕಟ್ಟಿದರು. ಲುಂಗ್ ಒಂದು ನೂಲನ್ನು ದೇಜಪ್ಪನ ಕೈಗೂ ಕಟ್ಟಿ, ಒಳಗಿನಿಂದ ಡೋಲು ತಂದು ಅವನ ಮಡಿಲಲ್ಲಿಟ್ಟ. ಗೆದ್ದವನನ್ನು ಗೆದ್ದವನಂತೆ ಕಳಿಸೋಣ, ಅವತ್ತಿನ ನಡೆ ಬಾರಿಸು ಎಂದು ಸನ್ನೆ ಮಾಡಿದ.

ದೇಜಪ್ಪನ ಕೈ ಮೇಲೆದ್ದಿತು, ಆದರೆ ಆ ನಡೆಗೆ ಬರಲಿಲ್ಲ. ಅವನಿಂದ ಆಗಲಿಲ್ಲ. ಎರಡು ತಿಂಗಳು ತಡವಾಗಿ, ಯಾರಿಗೂ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ, ಅವತ್ತು ಬಾರಿಸಬೇಕಿದ್ದುದನ್ನು ಬಾರಿಸಿದ. ನಿಧಾನ. ಒಂದು ಏಟು, ತಡೆದು ಮತ್ತೊಂದು ಏಟು.

ಅಂಗಳದಾಚೆಯ ಗೋಡೆ ನೋಡುತ್ತಿದ್ದ ಬುನ್‌ಮಿಯ ಮುಖ ತಿರುಗಿತು. ಅವನು ಡೋಲನ್ನೇ ನೋಡಿದ. ಬಲಗೈಯಿಂದ ಕುರ್ಚಿಯ ಹಿಡಿ ಹಿಡಿದು ಮುಂದೆ ಜಾರಿದ. ಜನ ಓಡಿಬರುವ ಮೊದಲೇ ಮಂಡಿ ಮರಳಿಗೆ ತಾಗಿತ್ತು. ಅಲ್ಲಿಂದ ಮಗ್ಗುಲಿಗೆ ಒರಗಿ, ಬಲಗೈಯನ್ನು ತಲೆಯಡಿಗೆ ತಂದು, ಕಣ್ಣು ಮುಚ್ಚಿ ಮಲಗಿದ.

ಬಿದ್ದ, ಬಿದ್ದ ಎಂದು ನಾಲ್ಕೈದು ಜನ ಎತ್ತಲು ಹೋದರು. ಅವನು ಮೈ ಬಿಗಿಹಿಡಿದು ಏಳಲೊಲ್ಲ. ಮುಖದಲ್ಲಿ ನೋವಿರಲಿಲ್ಲ, ಕೊಟ್ಟ ಮಾತು ನಡೆಸಿದವನ ನೆಮ್ಮದಿ ಇತ್ತು. ಲುಂಗ್ ಅವನನ್ನು ನೋಡಿದ, ಆಮೇಲೆ ದೇಜಪ್ಪನ ಕೈಗಳನ್ನು ನೋಡಿದ. ಮುದುಕನ ಹುಬ್ಬು ನಿಧಾನಕ್ಕೆ ಗಂಟಿಕ್ಕಿತು.

"ಹುವ್ವ ಕಲಾಮ್," ಎಂದ ದೇಜಪ್ಪ. ಅವನೇ ಹೇಳಿದ್ದ. "ನಂಬರ್ ತ್ರೀ, ಶ್ವಯ್ ಶ್ವಯ್. ಅನಾ ಮಾಫಿ ಶ್ವಯ್ ಶ್ವಯ್." ಮೂರನೆಯದರಲ್ಲಿ ನಿಧಾನ ಎಂದಿದ್ದ, ನಾನು ನಿಧಾನ ಮಾಡಲಿಲ್ಲ. ಅಷ್ಟು ಹೇಳಲು ಅವನಿಗೆ ಗೊತ್ತಿದ್ದ ಅರಬ್ಬಿ ಸಾಕಾಯಿತು. ಹೇಳುತ್ತ ಕೈ ನಿಲ್ಲಿಸಿದ.

ಡೋಲು ನಿಂತದ್ದೇ ಬುನ್‌ಮಿ ಕಣ್ಣು ಬಿಟ್ಟ. ಎಡಗಾಲು ಎಳೆಯುತ್ತ, ಮರಳಿಗೆ ಕೈಯೂರಿ, ಏಳಲು ಒದ್ದಾಡತೊಡಗಿದ. ಮುಷ್ಟಿ ಬಿಗಿದಿತ್ತು.

ಲುಂಗ್ ಓಡಿಬಂದು ದೇಜಪ್ಪನ ಎರಡೂ ಮಣಿಕಟ್ಟು ಹಿಡಿದು ಡೋಲಿನ ಮೇಲೆ ಒತ್ತಿದ. ಮುದುಕನ ಕಣ್ಣಲ್ಲಿ ನೀರಿತ್ತು. ಸಿಟ್ಟೂ ಇತ್ತು. ದೇಜಪ್ಪ ಬಾರಿಸಿದ. ಬುನ್‌ಮಿ ಮತ್ತೆ ತಲೆಯಡಿಗೆ ಕೈಯಿಟ್ಟು ಮಲಗಿದ. ಅವನನ್ನು ಹಾಗೇ ಬೆಡ್‌ಶೀಟಿನಲ್ಲಿ ಎತ್ತಿ ಪಿಕಪ್ಪಿನಲ್ಲಿ ಮಲಗಿಸಿದರು. "ಯಲ್ಲಾ," ಹೊರಡೋಣ ಎಂದ ಡ್ರೈವರ್. ಗಾಡಿ ಗೇಟು ದಾಟಿ, ಕೆಂಪು ದೀಪ ಕಾಣದಾಗುವವರೆಗೂ ದೇಜಪ್ಪ ಕೈ ಬಿಡದೆ ನಿಧಾನ ಬಾರಿಸುತ್ತಲೇ ಇದ್ದ. ಆಮೇಲೆ ಲುಂಗ್ ಬಂದು ಡೋಲು ಎತ್ತಿಕೊಂಡು ಒಳಗೆ ಹೋದ.